ನಕ್ಷೆಗಿಂತ ಮೊದಲು ಮಳೆಯ ಲೆಕ್ಕ: ಕರಾವಳಿಯ ಆರ್ಕಿಟೆಕ್ಟ್ ಕಚೇರಿ ಮಾಡುವ ಕೆಲಸವೇನು?

ಸುರತ್ಕಲ್‌ನಿಂದ ಪಡುಬಿದ್ರಿ, ಕಾಪು ದಾಟಿ ಉಡುಪಿಯವರೆಗೆ ಹೆದ್ದಾರಿಯ ಎಡಬಲ ನೋಡುತ್ತ ಹೋದರೆ ಒಂದು ನೋಟ ಮತ್ತೆ ಮತ್ತೆ ಸಿಗುತ್ತದೆ. ಚಂದದ ಆರ್‌ಸಿಸಿ ಮನೆ, ಅದರ ತಾರಸಿಯ ಮೇಲೆ ಕಬ್ಬಿಣದ ಕಂಬ ನಿಲ್ಲಿಸಿ ಹೊದಿಸಿದ ಶೀಟು. ಹೆಚ್ಚಿನ ಮನೆಗಳಲ್ಲಿ ಆ ಶೀಟು ಮೊದಲ ನಕ್ಷೆಯಲ್ಲಿರಲಿಲ್ಲ. ಒಂದೆರಡು ಮಳೆಗಾಲ ಕಳೆದು, ಬೆಡ್‌ರೂಮಿನ ಮೂಲೆಯಲ್ಲಿ ಹಳದಿ ಕಲೆ ಮೂಡಿದ ಮೇಲೆ ಬಂದದ್ದು. ಮನೆಯವರು ಒಂದೇ ಮನೆಗೆ ಎರಡು ಸಲ ಮಾಡು (ಛಾವಣಿ) ಹಾಕಿಸಿದಂತಾಯಿತು, ಎರಡನೆಯದಕ್ಕೆ ಯಾರೂ ಗಾಳಿಯ ಲೆಕ್ಕ ಹಾಕಿರುವುದಿಲ್ಲ.

ಆರ್ಕಿಟೆಕ್ಟ್ ಕಚೇರಿಗಳ ಜಾಹೀರಾತಿನಲ್ಲಿ ‘ಪ್ರಾದೇಶಿಕ ಶೈಲಿ’, ‘ಹವಾಮಾನಕ್ಕೆ ಹೊಂದುವ ವಿನ್ಯಾಸ’ ಎಂಬ ಮಾತುಗಳು ಇದ್ದೇ ಇರುತ್ತವೆ. ಅದರಲ್ಲಿ ಹುರುಳಿದೆಯೇ ಎಂದು ತಿಳಿಯಬೇಕಾದರೆ ಕಂಪ್ಯೂಟರಿನ ಬಣ್ಣದ 3ಡಿ ಚಿತ್ರ ನೋಡಿ ಪ್ರಯೋಜನವಿಲ್ಲ. ಮನೆಯನ್ನು ಮೇಲಿನಿಂದ ಕೆಳಗೆ ಸೀಳಿದಂತೆ ತೋರಿಸುವ ಸೆಕ್ಷನ್ ಡ್ರಾಯಿಂಗ್ ಕೇಳಿ. ಮಾಡಿನ ಇಳಿಜಾರು ಎಷ್ಟು, ಸೂರು ಗೋಡೆಯಿಂದ ಎಷ್ಟು ಹೊರಗೆ ಚಾಚಿದೆ, ಪಂಚಾಂಗ (ಪಾಯದ ಮೇಲೆ ಗೋಡೆ ನಿಲ್ಲುವ ಕಟ್ಟೆ, ಪ್ಲಿಂತ್) ಅಂಗಳದಿಂದ ಎಷ್ಟು ಎತ್ತರ, ಬಿದ್ದ ನೀರು ಎಲ್ಲಿಗೆ ಹೋಗುತ್ತದೆ – ನಾಲ್ಕೂ ಅದರಲ್ಲಿ ಕಾಣಬೇಕು. ನಮ್ಮ ಕರಾವಳಿಯಲ್ಲಿ ವಿನ್ಯಾಸದ ತತ್ವ ಎಂಬುದು ಬಹುಪಾಲು ನೀರಿಗೆ ಕೊಡುವ ಉತ್ತರವೇ.

ಮಾಡು, ಸೂರು ಮತ್ತು ಎರಚಲು

ಇಲ್ಲಿ ವರ್ಷಕ್ಕೆ ಸರಿಸುಮಾರು 3,500ರಿಂದ 4,000 ಮಿ.ಮೀ. ಮಳೆ. ಅದರ ಬಹುಭಾಗ ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. 100 ಚದರ ಮೀಟರ್ ತಾರಸಿಯ ಮೇಲೆ ಒಂದು ದಿನ 100 ಮಿ.ಮೀ. ಬಿದ್ದರೆ 10,000 ಲೀಟರ್ ನೀರು. ಚಪ್ಪಟೆ ತಾರಸಿಗೆ ನೂರಕ್ಕೆ ಒಂದರಷ್ಟು ಓರೆ ಕೊಟ್ಟಿದ್ದೇವೆ ಎನ್ನುತ್ತಾರೆ, ಅಂದರೆ ಒಂದು ಮೀಟರಿಗೆ ಒಂದು ಸೆಂಟಿಮೀಟರ್. ಸಾರಣೆ ಮಾಡುವವರ ಕೈ ಸ್ವಲ್ಪ ಹೆಚ್ಚುಕಡಿಮೆಯಾದರೂ ಆ ಓರೆ ಮಾಯ, ಅಲ್ಲಲ್ಲಿ ನೀರು ನಿಲ್ಲುತ್ತದೆ. ಏಪ್ರಿಲ್–ಮೇ ಬಿಸಿಲಿಗೆ ಕಾಂಕ್ರೀಟ್ ಹಿಗ್ಗಿ ಕುಗ್ಗಿ ಕೂದಲೆಳೆಯ ಬಿರುಕು ಬಿಟ್ಟಿರುತ್ತದೆ, ಜೂನ್‌ನ ನೀರಿಗೆ ಅಷ್ಟೇ ಸಾಕು.

ನೀರಿಳಿಯುವ ಪೈಪಿನಲ್ಲೂ ಜಿಪುಣತನ ಮಾಡುವುದುಂಟು. ಗಂಟೆಗೆ 100 ಮಿ.ಮೀ. ರಭಸದ ಮಳೆಯನ್ನು ಲೆಕ್ಕಕ್ಕೆ ಹಿಡಿದರೆ 100 ಎಂಎಂ ವ್ಯಾಸದ ಒಂದು ಪೈಪು ಸುಮಾರು 40 ಚದರ ಮೀಟರ್ ತಾರಸಿಯ ನೀರನ್ನಷ್ಟೇ ಇಳಿಸಬಲ್ಲದು. 100 ಚದರ ಮೀಟರಿಗೆ ಕನಿಷ್ಠ ಮೂರು ಬೇಕು. ಎರಡೇ ಇಟ್ಟು, ಒಂದರ ಬಾಯಿಗೆ ಮಾವಿನೆಲೆ ಕೂತರೆ ತಾರಸಿ ಕೆರೆಯಾಗುತ್ತದೆ.

ಇಳಿಜಾರು ಮಾಡೇ ಉತ್ತರ ಎನ್ನುವುದು ಸುಲಭ, ಆದರೆ ಅದರಲ್ಲೂ ಎರಡು ಬಗೆ. ಮೊದಲನೆಯದು ಪಕ್ಕಾಸು (ಓರೆ ತೊಲೆ), ರೀಪು (ಅಡ್ಡಪಟ್ಟಿ), ಹಂಚಿನ ನಿಜವಾದ ಮಾಡು. ಬಾಸೆಲ್ ಮಿಷನ್ನಿನ ಗಿಯೋರ್ಗ್ ಪ್ಲೆಬ್ಸ್ಟ್ 1865ರಲ್ಲಿ ಜೆಪ್ಪುವಿನಲ್ಲಿ ಶುರುಮಾಡಿದ ಕಾರ್ಖಾನೆಯಿಂದ ಬೆಳೆದು ಬಂದ ಮಂಗಳೂರು ಹಂಚು ಒಂದಕ್ಕೊಂದು ಕಚ್ಚಿಕೊಂಡು ಕೂರುತ್ತದೆ, ಚದರ ಮೀಟರಿಗೆ ಸುಮಾರು 15 ಬೇಕು. ಸುಟ್ಟ ಮಣ್ಣಾದ್ದರಿಂದ ಅದು ನೀರು ಹೀರುತ್ತದೆ, ಹಾಗಾಗಿ ನೀರು ನಿಲ್ಲಲು ಬಿಡದಷ್ಟು ಓರೆ ಬೇಕೇ ಬೇಕು. ಸುಮಾರು 30 ಡಿಗ್ರಿ ಸುರಕ್ಷಿತ. ಎತ್ತರ ಉಳಿಸಲೆಂದು 20ಕ್ಕೆ ಇಳಿಸಿದರೆ ಗಾಳಿಮಳೆಯಲ್ಲಿ ನೀರು ಕಚ್ಚಿನೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. ಎರಡನೆಯದು ಓರೆಯಾಗಿ ಹೊಯ್ದ ಆರ್‌ಸಿಸಿ ಸ್ಲ್ಯಾಬಿನ ಮೇಲೆ ಗಾರೆ ಹಾಕಿ ಹಂಚು ಅಂಟಿಸುವುದು. ಈಗ ಹೆಚ್ಚಿನವರು ಕೇಳುವುದು ಇದನ್ನೇ, ಎಡವಟ್ಟಾಗುವುದೂ ಇದರಲ್ಲೇ.

ಓರೆ ಸ್ಲ್ಯಾಬಿನಲ್ಲಿ ಕಾಂಕ್ರೀಟ್ ಹಾಕಿದ ಕೂಡಲೇ ಕೆಳಗೆ ಜಾರುತ್ತದೆ. ಜಾರದಿರಲೆಂದು ಕೆಲಸದವರು ವೈಬ್ರೇಟರ್ ಬಳಸುವುದನ್ನೇ ಬಿಡುತ್ತಾರೆ. ಪರಿಣಾಮವಾಗಿ ನೆತ್ತಿಯ ಬಳಿ ತೆಳು, ಸೂರಿನ ಬಳಿ ದಪ್ಪ, ನಡುವೆ ಜೇನುಗೂಡಿನಂಥ ಟೊಳ್ಳು. ಮಾಡಬೇಕಾದ್ದು ಇಷ್ಟು: ಸ್ಲಂಪ್ (ಹಸಿ ಕಾಂಕ್ರೀಟ್ ಎಷ್ಟು ಕುಸಿಯುತ್ತದೆ ಎಂಬ ಅಳತೆ) 50ರಿಂದ 75 ಮಿ.ಮೀ. ಮೀರದ ಗಟ್ಟಿ ಮಿಶ್ರಣ, ಕೆಳಗಿನ ಸೂರಿನಿಂದ ಶುರುಮಾಡಿ ಮೇಲಕ್ಕೆ ಪಟ್ಟಿಪಟ್ಟಿಯಾಗಿ ಹಾಕುತ್ತ ಹೋಗುವುದು, ಓರೆ 30 ಡಿಗ್ರಿ ದಾಟಿದರೆ ಮೇಲಿನಿಂದಲೂ ಹಲಗೆ. ಆಮೇಲೆ ಹಂಚು. ಗಾರೆಯಲ್ಲಿ ಅಂಟಿಸಿದ ಹಂಚಿನ ಸಂದಿಯಿಂದ ಇಳಿದ ನೀರು ಗಾರೆಯೊಳಗೆ ಸಿಕ್ಕಿಬಿದ್ದು ನಾಲ್ಕು ತಿಂಗಳು ಅಲ್ಲೇ ಇರುತ್ತದೆ, ಸ್ಲ್ಯಾಬಿನ ಯಾವುದೋ ಬಿರುಕು ಹುಡುಕಿಕೊಳ್ಳುತ್ತದೆ. ವಾಟರ್‌ಪ್ರೂಫಿಂಗ್ ಆದ ಸ್ಲ್ಯಾಬಿನ ಮೇಲೆ ಇಳಿಜಾರಿನ ದಿಕ್ಕಿನಲ್ಲಿ ಒಂದು ಸಾಲು ಪಟ್ಟಿ, ಅದರ ಮೇಲೆ ಅಡ್ಡ ರೀಪು, ಅದರ ಮೇಲೆ ಹಂಚು ಕೂರಿಸಿದರೆ ಒಳಗೆ ಇಳಿದ ನೀರು ಜಾರಿ ಹೊರಗೆ ಹೋಗುತ್ತದೆ, ಗಾಳಿಯಾಡಿ ಬೇಗ ಒಣಗುತ್ತದೆ, ಬೇಸಗೆಯಲ್ಲಿ ಸ್ಲ್ಯಾಬಿಗೆ ನೆರಳೂ ಆಗುತ್ತದೆ. ಖರ್ಚು ಹೆಚ್ಚೇ. ಆದರೂ ಶೀಟಿನ ಎರಡನೇ ಮಾಡಿಗಿಂತ ಲೇಸು.

ಎರಡು ಮಾಡು ಒಳಮುಖವಾಗಿ ಕೂಡುವ ಕಣಿವೆಯ ಬಗ್ಗೆ ಒಂದೇ ಮಾತು: ಬೇಡ. ಹತ್ತು ದಿಕ್ಕಿಗೆ ಒಡೆದ ಮಾಡು ಚಿತ್ರದಲ್ಲಿ ಚಂದ, ಪ್ರತಿ ಕಣಿವೆಯೂ ಸೋರಿಕೆಗೆ ಒಂದೊಂದು ಜಾಗ. ಅನಿವಾರ್ಯವಾದರೆ ಕೈ ಹಾಕಿ ಎಲೆ ತೆಗೆಯುವಷ್ಟು, ಕನಿಷ್ಠ ಒಂದಡಿ ಅಗಲದ, ತುಕ್ಕು ಹಿಡಿಯದ ದೋಣಿ ಕೊಡಬೇಕು.

ಸೂರಿನ ಲೆಕ್ಕ ಸರಳ. ಗಾಳಿ ಜೋರಿದ್ದಾಗ ಮಳೆ 45 ಡಿಗ್ರಿ ಓರೆಯಾಗಿ ಬರುತ್ತದೆ ಎಂದಿಟ್ಟುಕೊಳ್ಳಿ. ಮೂರಡಿ ಸೂರು ಗೋಡೆಯ ಮೇಲಿನ ಮೂರಡಿಯನ್ನಷ್ಟೇ ಕಾಯುತ್ತದೆ, ಹತ್ತಡಿ ಗೋಡೆಯಲ್ಲಿ ಉಳಿದ ಏಳಡಿ ನೆನೆಯುತ್ತದೆ. ಮಳೆಗಾಲದ ಗಾಳಿ ಪಡುವಣ ಮತ್ತು ನೈಋತ್ಯದಿಂದ. ತುಳುನಾಡಿನ ಹಳೆಯ ಗುತ್ತಿನ (ಊರ ಪ್ರಮುಖರ) ಮನೆಗಳಿಗೆ ಆಳವಾದ ಜಗಲಿ, ತಗ್ಗು ಸೂರು ಇದ್ದದ್ದು ಚಂದಕ್ಕಲ್ಲ, ಎರಚಲು ಒಳಗೋಡೆಗೆ ತಲುಪದಿರಲಿ ಎಂದು. ಮಣಿಪಾಲದಲ್ಲಿ ವಿಜಯನಾಥ ಶೆಣೈ ಅವರು ಹಳೆಯ ಮನೆಗಳನ್ನು ಬಿಚ್ಚಿ ತಂದು ಮತ್ತೆ ಜೋಡಿಸಿದ ಹೆರಿಟೇಜ್ ವಿಲೇಜಿಗೆ ಹೋದಾಗ ಕೆತ್ತನೆಯ ಕಂಬಗಳನ್ನು ನೋಡಿ ಬರುವವರೇ ಹೆಚ್ಚು. ಟೇಪು ಹಿಡಿದು ಸೂರಿನ ಚಾಚು, ಜಗಲಿಯ ಅಗಲ ಅಳೆದು ಬನ್ನಿ, ಅದು ನಿಮ್ಮ ಮನೆಗೆ ಉಪಯೋಗಕ್ಕೆ ಬರುತ್ತದೆ. ಹೊಸ ಮನೆಯ ಮುಂದೆ ನಾಲ್ಕು ಮರದ ಕಂಬ ನಿಲ್ಲಿಸಿ ಪಡುವಣ ಗೋಡೆಗೆ ಸಜ್ಜಾ ಇಲ್ಲದ ಗಾಜಿನ ಕಿಟಕಿ ಇಟ್ಟರೆ ಅದು ಪ್ರಾದೇಶಿಕ ಶೈಲಿಯಲ್ಲ, ವೇಷ.

ಕಿಟಕಿಯ ವಿಚಾರದಲ್ಲಿ ಒಂದು ಸಣ್ಣ ವಿವರ ಅನೇಕ ಮನೆಗಳ ಗೋಡೆ ಉಳಿಸುತ್ತದೆ. ಸಜ್ಜಾದ ಅಡಿಭಾಗದಲ್ಲಿ, ಹೊರ ಅಂಚಿನಿಂದ ಒಂದಿಂಚು ಒಳಗೆ, ಉದ್ದಕ್ಕೂ ಅರ್ಧ ಇಂಚಿನ ಗೀರು. ಅಂಚಿಗೆ ಬಂದ ನೀರು ಅಡಿಯಲ್ಲಿ ಹರಿದು ಗೋಡೆಗೆ ಹೋಗುವ ಬದಲು ಆ ಗೀರಿನಲ್ಲಿ ಕಡಿದು ಕೆಳಗೆ ತೊಟ್ಟಿಕ್ಕುತ್ತದೆ. ಸೆಂಟ್ರಿಂಗ್ ಹಲಗೆಗೆ ಒಂದು ರೀಪು ಹೊಡೆದರೆ ಸಾಕು, ಖರ್ಚು ಏನೂ ಇಲ್ಲ. ಡ್ರಾಯಿಂಗಿನಲ್ಲಿ ಇಲ್ಲದಿದ್ದರೆ ಮೇಸ್ತ್ರಿ ಹೊಡೆಯುವುದಿಲ್ಲ.

ಇನ್ನು ಸೆಖೆ. ಒಳನಾಡಿನಂತೆ ಇಲ್ಲಿ ರಾತ್ರಿ ತಂಪಾಗುವುದು ಅಷ್ಟಕ್ಕಷ್ಟೆ. ದಪ್ಪ ಗೋಡೆ ಹಗಲ ಬಿಸಿ ಹಿಡಿದಿಟ್ಟು ರಾತ್ರಿ ಬಿಡುವ ಉಪಾಯ ಇಲ್ಲಿ ಹೆಚ್ಚು ನಡೆಯದು. ಮೈಮೇಲೆ ಗಾಳಿ ಆಡಿದರಷ್ಟೇ ಹಾಯೆನಿಸುತ್ತದೆ. ಆದ್ದರಿಂದ ಕೋಣೆಗೆ ಎದುರುಬದುರು ತೆರೆವು ಬೇಕು, ಬಿಸಿಗಾಳಿ ಮೇಲಿನಿಂದ ಹೊರಹೋಗಲು ಜಾಗ ಬೇಕು, ಮಳೆಯಲ್ಲೂ ತೆರೆದಿಡಬಹುದಾದ ಕಿಟಕಿ ಬೇಕು. ಮೂರನೆಯದಕ್ಕೆ ಮತ್ತೆ ಸೂರೇ ಗತಿ.

ಕೆಂಪುಕಲ್ಲು ಮತ್ತು ಅದರ ಕೆಳಗಿನ ಶೇಡಿಮಣ್ಣು

ಕೆಂಪುಕಲ್ಲನ್ನು ಹೊಗಳುವವರು ಬಹಳ, ಪರೀಕ್ಷಿಸಿ ತರುವವರು ಕಡಿಮೆ. ಐಎಸ್ (ಭಾರತೀಯ ಮಾನಕ) 3620ರ ಪ್ರಕಾರ ಗೋಡೆಗೆ ಬಳಸುವ ಕಲ್ಲು ಚದರ ಮಿಲಿಮೀಟರಿಗೆ ಕನಿಷ್ಠ 3.5 ನ್ಯೂಟನ್ ಒತ್ತಡ ತಾಳಬೇಕು, ತನ್ನ ತೂಕದ ಶೇ. 12ಕ್ಕಿಂತ ಹೆಚ್ಚು ನೀರು ಹೀರಬಾರದು. ಒಂದೇ ಕ್ವಾರಿಯಲ್ಲೂ ಮೇಲಿನ ಪದರ ಗಟ್ಟಿ, ಕೆಳಗೆ ಹೋದಂತೆ ಮಣ್ಣು ಮಣ್ಣು. ಲೋಡ್ ಇಳಿಸುವಾಗ ಹಳದಿ–ಬಿಳಿ ಮಣ್ಣಿನ ಕಣ್ಣುಗಳು ತುಂಬಿದ ಕಲ್ಲನ್ನು ಬೇರೆ ಇಡಿಸಿ. ಅದನ್ನು ಒಳಗಿನ ಅಡ್ಡಗೋಡೆಗೆ ಬಳಸಬಹುದು, ಪಂಚಾಂಗಕ್ಕೆ ಬೇಡ. ಸಾರಣೆಯಿಲ್ಲದೆ ಹಾಗೇ ಬಿಡುವ ಗೋಡೆಗೆ ಹೊಳಪಿನ ವಾರ್ನಿಷ್ ಬಳಿಯಬಾರದು. ಕಲ್ಲಿನೊಳಗಿನ ತೇವ ಹೊರಬರಲಾಗದೆ ಪದರ ಬಿಳಿಚಿ ಸುಲಿಯುತ್ತದೆ. ಕಲ್ಲಿಗೆ ಉಸಿರಾಡಲು ಬಿಡುವ, ಒಳಗೆ ಇಂಗುವ ಸಿಲೇನ್–ಸಿಲಾಕ್ಸೇನ್ ದ್ರಾವಣ ಸರಿ. ಅದನ್ನೂ ಕೆಲವು ವರ್ಷಕ್ಕೊಮ್ಮೆ ಮತ್ತೆ ಹಚ್ಚಬೇಕು, ಇಲ್ಲದಿದ್ದರೆ ಪಾಚಿ ಕಟ್ಟಿ ಕಪ್ಪಾಗುತ್ತದೆ.

ಅಂಗಳಕ್ಕೆ ಬಿದ್ದ ಮಳೆ ಸಿಡಿದು ಗೋಡೆಯ ಕೆಳಗಿನ ಒಂದೂವರೆ, ಎರಡಡಿ ಸದಾ ಒದ್ದೆ. ಪಂಚಾಂಗವನ್ನು ಅಂಗಳದಿಂದ ಕನಿಷ್ಠ ಎರಡಡಿ ಎತ್ತರಿಸಿ, ಅದರ ತಲೆಯ ಮೇಲೆ ಎರಡಿಂಚು ಕಾಂಕ್ರೀಟಿನ ತೇವ ತಡೆಯುವ ಪದರ ಹಾಕಬೇಕು. ಆಮೇಲೆ ಇಂಟರ್‌ಲಾಕ್ ಹಾಸುವಾಗ ಅಂಗಳವನ್ನೇ ಒಂದಡಿ ಏರಿಸಿಬಿಟ್ಟರೆ ಈ ಲೆಕ್ಕವೆಲ್ಲ ನೀರಲ್ಲಿ ಹೋಮ. ಅಂಗಳದ ಮಟ್ಟವನ್ನೂ ನಕ್ಷೆಯಲ್ಲೇ ಬರೆಸಿಕೊಳ್ಳಿ.

ಕಲ್ಲಿಗಿಂತ ದೊಡ್ಡ ಸಂಗತಿ ಅದರ ಕೆಳಗಿದೆ. ಕೆಂಪುಕಲ್ಲಿನ ಗಟ್ಟಿ ಹೊದಿಕೆಯ ಅಡಿಯಲ್ಲಿ ಬಿಳಿ, ನಸುಗೆಂಪು, ಹಳದಿ ಬಣ್ಣದ ನುಣುಪು ಮಣ್ಣಿನ ಪದರ ಇರುತ್ತದೆ. ಅದೇ ಶೇಡಿಮಣ್ಣು. ಒಣಗಿದ್ದಾಗ ಪಿಕಾಸಿಗೂ ಸುಲಭಕ್ಕೆ ಜಗ್ಗದು, ನೆನೆದರೆ ಕೆಸರಾಗಿ ಹರಿಯುತ್ತದೆ. ಮಂಗಳೂರಿನ ಗುಡ್ಡಗಳಲ್ಲಿ ಸೈಟ್ ಸಮತಟ್ಟು ಮಾಡಲು ಹತ್ತು ಹದಿನೈದು ಅಡಿ ನೇರವಾಗಿ ಕಡಿಯುತ್ತಾರೆ. ಮೇಲಿನ ಕಲ್ಲಿನ ಹೊದಿಕೆ ಹೋಗಿ ಶೇಡಿ ಬಯಲಾಗುತ್ತದೆ. ಜನವರಿಯಲ್ಲಿ ಗೋಡೆಯಂತೆ ನಿಂತ ಆ ಕಡಿತ ಜುಲೈಯಲ್ಲಿ ಪಾಗಾರ (ಆವರಣ ಗೋಡೆ) ಸಮೇತ ಕೆಳಗಿನ ಮನೆಯ ಹಿತ್ತಿಲಿಗೆ ಇಳಿಯುವುದಕ್ಕೆ ಕಾರಣ ಮಣ್ಣಿನ ಭಾರವೊಂದೇ ಅಲ್ಲ, ಗೋಡೆಯ ಹಿಂದೆ ಕಟ್ಟಿಕೊಂಡ ನೀರಿನ ಒತ್ತಡ. ತಡೆಗೋಡೆಗೆ ಮೀಟರಿಗೊಂದರಂತೆ ಓರೆಸಾಲಿನಲ್ಲಿ ಮೂರಿಂಚಿನ ತೂತು, ತೂತಿನ ಹಿಂದೆ ಮಣ್ಣು ಬಾರದಂತೆ ಜಲ್ಲಿ ಮತ್ತು ಜಿಯೋಟೆಕ್ಸ್‌ಟೈಲ್ ಬಟ್ಟೆ, ಮೇಲ್ಭಾಗದಲ್ಲಿ ಗುಡ್ಡದ ನೀರನ್ನು ಬದಿಗೆ ತಿರುಗಿಸುವ ಚರಂಡಿ – ಈ ಮೂರೂ ಇರಬೇಕು. ಜಲ್ಲಿ, ಬಟ್ಟೆ ಇಲ್ಲದ ತೂತು ಒಂದೇ ಮಳೆಗಾಲಕ್ಕೆ ಮುಚ್ಚಿಹೋಗುತ್ತದೆ. ಈ ಗೋಡೆಯ ವಿನ್ಯಾಸ ಸ್ಟ್ರಕ್ಚರಲ್ ಎಂಜಿನಿಯರರದ್ದು, ಮೇಸ್ತ್ರಿಯ ಅಂದಾಜಿನದ್ದಲ್ಲ.

ಹಾಗಾಗಿ ಮಣ್ಣು ಪರೀಕ್ಷೆಯ ಖರ್ಚು ಉಳಿಸಲು ಹೋಗಬೇಡಿ. ಬೋರ್ ಕೊರೆದು ಆಳ ಆಳದಲ್ಲಿ ಮಣ್ಣಿನ ಗಟ್ಟಿತನ ಅಳೆದ ವರದಿ ಕೈಗೆ ಬರುವ ಮುಂಚೆ ಪಾಯದ ಡ್ರಾಯಿಂಗ್ ಕೊಡುವ ಕಚೇರಿಯನ್ನು ಸ್ವಲ್ಪ ಸಂಶಯದಿಂದಲೇ ನೋಡಿ. ಶೇಡಿಯಲ್ಲಿ ಪಾಯದ ಗುಂಡಿ ತೋಡಿದರೆ ಆ ದಿನವೇ ತಳಕ್ಕೆ ಕಾಂಕ್ರೀಟ್ ಹಾಸಿ ಮುಚ್ಚಬೇಕು. ಒಂದು ಅಡ್ಡಮಳೆ ಬಿದ್ದು ತಳ ಕೆಸರಾದರೆ ಅಷ್ಟನ್ನೂ ಕೆರೆದು ತೆಗೆಯಬೇಕಾಗುತ್ತದೆ.

ಉಪ್ಪುಗಾಳಿ

ಮಲ್ಪೆ, ಪಣಂಬೂರು, ಉಳ್ಳಾಲದಂಥ ಕಡಲ ಬದಿಯಲ್ಲಿ ಕಾಂಕ್ರೀಟಿನ ಆಯಸ್ಸು ನಿರ್ಧರಿಸುವುದು ಒಳಗಿನ ಸರಳಿನ ಮೇಲೆ ಎಷ್ಟು ಕಾಂಕ್ರೀಟ್ ಹೊದಿಕೆ ಇದೆ ಎಂಬುದು. ಐಎಸ್ 456:2000 ಪ್ರಕಾರ ಕರಾವಳಿ ವಾತಾವರಣಕ್ಕೆ ಒಡ್ಡಿದ ಕಾಂಕ್ರೀಟಿಗೆ ಕನಿಷ್ಠ ಎಂ30 ಬಲದ ದರ್ಜೆ, 45 ಮಿ.ಮೀ. ಹೊದಿಕೆ, ನೀರು–ಸಿಮೆಂಟ್ ಅನುಪಾತ 0.45ರೊಳಗೆ. ಸಮುದ್ರದ ನೀರೇ ಸಿಡಿಯುವಲ್ಲಿ ಎಂ35, 50 ಮಿ.ಮೀ. ಒಳನಾಡಿನ ಅಭ್ಯಾಸದಂತೆ ಎಂ20 ಕಾಂಕ್ರೀಟ್, 20 ಎಂಎಂ ಕವರ್ ಬ್ಲಾಕ್ ಇಟ್ಟರೆ ಕೆಲವೇ ವರ್ಷಗಳಲ್ಲಿ ಸಜ್ಜಾದ ಅಡಿ ಹಪ್ಪಳದಂತೆ ಎದ್ದು, ತುಕ್ಕು ಹಿಡಿದ ಸರಳು ಕಾಣತೊಡಗುತ್ತದೆ.

ನೀರಿನ ಬಗ್ಗೆ ಬಹಳ ಮಂದಿ ಗಮನಿಸದ ಸಂಗತಿ: ಸರಳಿರುವ ಕಾಂಕ್ರೀಟಿಗೆ ಬಳಸುವ ನೀರಿನಲ್ಲಿ ಕ್ಲೋರೈಡ್ ಲೀಟರಿಗೆ 500 ಮಿಲಿಗ್ರಾಂ ಮೀರಬಾರದು. ಕಡಲ ಬದಿಯ ಬಾವಿ ನೀರು ಆಗಸ್ಟಿನಲ್ಲಿ ಸಿಹಿ, ಮೇ ತಿಂಗಳಲ್ಲಿ ಉಪ್ಪು. ಸ್ಲ್ಯಾಬ್ ಹಾಕುವುದು ಏಪ್ರಿಲ್–ಮೇಯಲ್ಲೇ ಆದ್ದರಿಂದ ಪರೀಕ್ಷೆಯೂ ಆಗಲೇ ಆಗಬೇಕು. ಗ್ರಿಲ್ಲಿಗೆ ಬಿಸಿ ಸತುವಿನಲ್ಲಿ ಅದ್ದಿದ ಕಬ್ಬಿಣ, ಸ್ಟೀಲ್ ರೇಲಿಂಗ್ ಬೇಕೆಂದರೆ 304ರ ಬದಲು 316 ದರ್ಜೆ.

ಜಾಗ, ಕಾಗದ, ಐದು ಸೆಂಟ್ಸ್

ಆರ್ಕಿಟೆಕ್ಟ್ ಕಚೇರಿಯ ಮೊದಲ ಸೇವೆ ಗೆರೆ ಎಳೆಯುವುದಲ್ಲ, ಜಾಗ ಓದುವುದು. ಪಹಣಿ, ಸರ್ವೆ ಸ್ಕೆಚ್, ಭೂ ಪರಿವರ್ತನೆ ಆದೇಶ, ಏಕ ನಿವೇಶನ ವಿನ್ಯಾಸ ಅನುಮೋದನೆ, ಪಂಚಾಯತ್ ವ್ಯಾಪ್ತಿಯಾದರೆ ಎಲ್ಲರೂ ‘ನೈನ್ ಇಲೆವೆನ್’ ಎನ್ನುವ ನಮೂನೆ 9 ಮತ್ತು 11ಎ (ಪಂಚಾಯತ್ ಕೊಡುವ ಆಸ್ತಿ ದಾಖಲೆಗಳು). ವರ್ಗ (ಪಟ್ಟಾ) ಜಾಗದ ಪಕ್ಕದ ಕುಮ್ಕಿ ಭೂಮಿಯನ್ನು ತಲೆಮಾರುಗಳಿಂದ ಅನುಭವಿಸುತ್ತ ಬಂದಿರಬಹುದು, ಆದರೆ ಅದು ಸರ್ಕಾರಿ ಭೂಮಿ, ಮನೆಯ ನಕ್ಷೆಯಲ್ಲಿ ಸೆಟ್‌ಬ್ಯಾಕ್ (ಮನೆಯ ಸುತ್ತ ಬಿಡಬೇಕಾದ ಖಾಲಿ ಜಾಗ) ಲೆಕ್ಕಕ್ಕೆ ಸೇರುವುದಿಲ್ಲ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ಒಳಗಿದ್ದರೆ ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಪ್ರಶ್ನೆ ಬರುತ್ತದೆ. ನೇತ್ರಾವತಿ, ಗುರುಪುರ, ಉದ್ಯಾವರ, ಸ್ವರ್ಣಾ ಹೊಳೆಗಳಲ್ಲಿ ಉಬ್ಬರದ ನೀರು ಏರುವಷ್ಟು ದೂರ ದಂಡೆಗೂ ಆ ವಲಯದ ನಿಯಮ ಅನ್ವಯ. ಕಡಲು ಕಾಣುವುದಿಲ್ಲವಲ್ಲ ಎಂದು ಧೈರ್ಯದಿಂದ ಹೊಳೆ ಬದಿಯ ಜಾಗ ಕೊಂಡವರು ಇಲ್ಲಿ ಸಿಕ್ಕಿಬೀಳುತ್ತಾರೆ.

ಐದು ಸೆಂಟ್ಸ್ ಎಂದರೆ 2,178 ಚದರ ಅಡಿ, ಹೆಚ್ಚುಕಡಿಮೆ 45 ಅಡಿ ಅಗಲ 48 ಅಡಿ ಉದ್ದ. ಐಎಸ್ 2470 ಪ್ರಕಾರ ಇಂಗುಗುಂಡಿಗೂ ಕುಡಿಯುವ ನೀರಿನ ಬಾವಿಗೂ 18 ಮೀಟರ್, ಅಂದರೆ 59 ಅಡಿ ಅಂತರ ಬೇಕು. ಸೈಟಿನ ಉದ್ದವೇ ಅಷ್ಟಿಲ್ಲ! ನಿಮ್ಮ ಬಾವಿಯೊಂದೇ ಅಲ್ಲ, ನೆರೆಯವರ ಬಾವಿಗಳನ್ನೂ ಸರ್ವೆಯಲ್ಲಿ ಗುರುತಿಸಿಕೊಂಡು, ಇಂಗುಗುಂಡಿಯ ಜಾಗ ಮೊದಲು ನಿಗದಿ ಮಾಡಿ, ಆಮೇಲೆ ಉಳಿದ ಜಾಗದಲ್ಲಿ ಮನೆ ಕೂರಿಸುವುದು ಸರಿಯಾದ ಕ್ರಮ. ಒಳಚರಂಡಿ ಸಂಪರ್ಕ ಇಲ್ಲದ, ಸುತ್ತಲೂ ಬಾವಿಗಳಿರುವ ಸೈಟಿನಲ್ಲಿ ಬಾವಿಯ ಆಸೆ ಬಿಡುವುದೋ, ಕೊಳೆನೀರನ್ನು ಶುದ್ಧಗೊಳಿಸುವ ಬೇರೆ ವ್ಯವಸ್ಥೆಗೆ ಹೋಗುವುದೋ ಎಂದು ಮೊದಲ ಭೇಟಿಯಲ್ಲೇ ತೀರ್ಮಾನವಾಗಬೇಕು.

ವಾಸ್ತು, ಆಯದ (ಮನೆಯ ಅಳತೆಯಿಂದ ಶುಭಾಶುಭ ನೋಡುವ ಲೆಕ್ಕ) ಮಾತೂ ಇಲ್ಲೇ ಮುಗಿಯಲಿ. ನಂಬಿಕೆ ನಿಮ್ಮದು. ಆದರೆ ವಾಸ್ತು ತಿಳಿದವರು ಕೋಲು–ಅಂಗುಲದಲ್ಲಿ ಕೊಡುವ ಸುತ್ತಳತೆ ಪ್ರಾಥಮಿಕ ನಕ್ಷೆಗೆ ಮೊದಲೇ ಕಚೇರಿಗೆ ತಲುಪಲಿ. ಕಾಲಮ್ಮುಗಳ ಜಾಗ ಗಟ್ಟಿಯಾದ ಮೇಲೆ ಧ್ವಜಾಯವೆಂಬ ಶುಭ ಆಯಕ್ಕಾಗಿ ನಾಲ್ಕು ಅಂಗುಲ ಸರಿಸಿದರೆ ಸ್ಟ್ರಕ್ಚರಲ್ ಡ್ರಾಯಿಂಗ್ ಪೂರ್ತಿ ಮತ್ತೆ ಬರೆಯಬೇಕು.

ಕಚೇರಿಯಿಂದ ಏನೇನು ಸಿಗಬೇಕು

‘ಆರ್ಕಿಟೆಕ್ಟ್’ ಎಂಬ ಬಿರುದನ್ನು 1972ರ ವಾಸ್ತುಶಿಲ್ಪಿಗಳ ಕಾಯ್ದೆಯಡಿ ನೋಂದಾಯಿಸಿಕೊಂಡವರು ಮಾತ್ರ ಬಳಸಬಹುದು. ಅವರ ನೋಂದಣಿ ಸಂಖ್ಯೆ ಕೇಳಲು ಸಂಕೋಚ ಬೇಡ. ನೋಂದಣಿ ಇಲ್ಲದವರು ನಕ್ಷೆ ಬರೆಯುವುದನ್ನೇ ಆ ಕಾಯ್ದೆ ತಡೆಯುವುದಿಲ್ಲ, ಬಿರುದಿನ ಬಳಕೆಯನ್ನಷ್ಟೇ ತಡೆಯುತ್ತದೆ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಹಾಗಾಗಿ ಫಲಕದಲ್ಲಿ ‘ಡಿಸೈನರ್’ ಎಂದಿದ್ದರೆ ಅದು ಬೇರೆಯೇ ವಿಷಯ.

ಪರಿಕಲ್ಪನೆ, ಪ್ರಾಥಮಿಕ ನಕ್ಷೆ, ಅನುಮೋದನೆಯ ನಕ್ಷೆ, ಕೆಲಸದ ನಕ್ಷೆ, ಸಾಮಗ್ರಿ–ಪ್ರಮಾಣದ ಪಟ್ಟಿ, ಗುತ್ತಿಗೆದಾರರ ಆಯ್ಕೆ, ಸೈಟ್ ಭೇಟಿ, ಪೂರ್ಣಗೊಂಡ ಮೇಲಿನ ನಕ್ಷೆ – ಶುಲ್ಕವೂ ಈ ಹಂತಗಳಿಗೇ ಹಂಚಿಕೆಯಾಗುತ್ತದೆ. ಜನ ಎಡವುವುದು ಅನುಮೋದನೆಯ ನಕ್ಷೆ ಸಿಕ್ಕ ಕೂಡಲೇ ಅದನ್ನೇ ಮೇಸ್ತ್ರಿ ಕೈಗೆ ಕೊಟ್ಟು ಕೆಲಸ ಶುರುಮಾಡಿಸುವುದರಲ್ಲಿ. ಆ ಹಾಳೆ ಇರುವುದು ಪಾಲಿಕೆಗೆ, ಸೆಟ್‌ಬ್ಯಾಕ್ ಮತ್ತು ವಿಸ್ತೀರ್ಣ ತೋರಿಸಲು. ಸಜ್ಜಾದ ಗೀರು, ರೀಪಿನ ಅಂತರ, ಬಾತ್‌ರೂಮಿನ ತಗ್ಗು, ಪೈಪಿನ ದಾರಿ ಇರುವುದು 1:50, 1:20 ಅಳತೆಯ ಕೆಲಸದ ನಕ್ಷೆಗಳಲ್ಲಿ. ಶುಲ್ಕ ಉಳಿಸಲು ಬಿಟ್ಟುಬಿಡುವುದೂ ಅದನ್ನೇ.

ಸೈಟ್ ಭೇಟಿಯ ಅರ್ಥವನ್ನು ಒಪ್ಪಂದದಲ್ಲೇ ಬರೆಸಿ. ಆರ್ಕಿಟೆಕ್ಟ್ ದಿನವೂ ನಿಂತು ಕೆಲಸ ನೋಡುವುದಿಲ್ಲ, ಮುಖ್ಯ ಹಂತಗಳಲ್ಲಿ ಬರುತ್ತಾರೆ. ದಿನದ ಮೇಲ್ವಿಚಾರಣೆ ಬೇಕಿದ್ದರೆ ಪ್ರತ್ಯೇಕ ಎಂಜಿನಿಯರ್ ಬೇಕು. ಕಡೇಪಕ್ಷ ಪಾಯದ ತಳ, ಪಂಚಾಂಗದ ಮಟ್ಟ, ಪ್ರತಿ ಸ್ಲ್ಯಾಬಿನ ಸರಳು ಕಟ್ಟಿದ ಮೇಲೆ ಕಾಂಕ್ರೀಟಿಗೆ ಮುಂಚೆ, ವಾಟರ್‌ಪ್ರೂಫಿಂಗ್ ಆದ ಮೇಲೆ ನೀರು ನಿಲ್ಲಿಸಿ ನೋಡುವ ದಿನ – ಇವು ತಪ್ಪಬಾರದು.

ಗುತ್ತಿಗೆದಾರರ ‘ಚದರ ಅಡಿಗೆ ಇಷ್ಟು’ ದರ ಕೇಳುವಾಗ ಯಾವ ಚದರ ಅಡಿ ಎಂದು ಕೇಳಿ. ಸಿಟ್‌ಔಟ್, ಕಾರ್ ಪೋರ್ಚ್, ಸೂರಿನ ಚಾಚು ಪೂರ್ತಿ ಅಳತೆಯೋ ಅರ್ಧವೋ? ಪಾಗಾರ, ತಡೆಗೋಡೆ, ಇಂಗುಗುಂಡಿ ಒಳಗೋ ಹೊರಗೋ? ಪ್ರಮಾಣದ ಪಟ್ಟಿ ಇಲ್ಲದೆ ಮೂವರ ದರ ಹೋಲಿಸಿದರೆ ಹೋಲಿಸಿದಂತೆಯೇ ಅಲ್ಲ. 2025ರಲ್ಲಿ ದಕ್ಷಿಣ ಕನ್ನಡದಲ್ಲಿ ಕೆಂಪುಕಲ್ಲು, ಮರಳು ಎರಡಕ್ಕೂ ತತ್ವಾರ ಬಂದು ಕೆಲಸಗಳು ನಿಂತವು. ಅಂಥ ಸಂದರ್ಭದಲ್ಲಿ ಬೆಲೆ ವ್ಯತ್ಯಾಸ ಯಾರ ತಲೆಗೆ, ಪರ್ಯಾಯ ಬ್ಲಾಕ್ ಯಾವುದು ಎಂಬ ಷರತ್ತೂ ಇರಲಿ.

ಕರಾವಳಿಯ ಕೆಲಸದ ವೇಳಾಪಟ್ಟಿಯನ್ನು ಕೊನೆಯಿಂದ ಹಿಂದಕ್ಕೆ ಲೆಕ್ಕ ಹಾಕಬೇಕು. ಜೂನ್ ಮೊದಲ ವಾರಕ್ಕೆ ಮಾಡು ಮುಚ್ಚಿರಬೇಕಾದರೆ ಸ್ಲ್ಯಾಬ್ ಏಪ್ರಿಲ್‌ನಲ್ಲಿ, ಪಾಯ ನವೆಂಬರ್–ಡಿಸೆಂಬರಿನಲ್ಲಿ, ಅನುಮತಿ ಕೈಯಲ್ಲಿರಬೇಕಾದ್ದು ಅಕ್ಟೋಬರಿನಲ್ಲಿ. ಅಂದರೆ ಆರ್ಕಿಟೆಕ್ಟ್ ಕಚೇರಿಯ ಮೆಟ್ಟಿಲು ಹತ್ತಬೇಕಾದ್ದು ಅದಕ್ಕೂ ಹಿಂದಿನ ಬೇಸಗೆಯಲ್ಲಿ. ಮಳೆಗಾಲದಲ್ಲಿ ಒಳಗಿನ ವೈರಿಂಗ್, ಸಾರಣೆ, ನೆಲದ ಕೆಲಸ ಮಾಡಿಸಬಹುದು. ಹೊರಗೋಡೆಯ ಬಣ್ಣ ದೀಪಾವಳಿ ಕಳೆದು ಗೋಡೆ ಒಣಗಿದ ಮೇಲೆ. ಗೃಹಪ್ರವೇಶದ ಮುಹೂರ್ತಕ್ಕೆಂದು ಸೆಪ್ಟೆಂಬರಿನಲ್ಲಿ ಹಸಿ ಗೋಡೆಗೆ ಬಳಿದರೆ ಬೊಬ್ಬೆ ಏಳುವುದು ಖಂಡಿತ.

ಒಪ್ಪಂದದ ಕೊನೆಯ ಪುಟದಲ್ಲಿ ದೋಷ ದುರಸ್ತಿಯ ಅವಧಿ ಎಂಬ ಸಾಲು ಇರುತ್ತದೆ, ಹೆಚ್ಚಾಗಿ ‘ಹಸ್ತಾಂತರದಿಂದ ಆರು ತಿಂಗಳು’ ಎಂದು. ಅಕ್ಟೋಬರಿನಲ್ಲಿ ಕೀಲಿಕೈ ಪಡೆದವರಿಗೆ ಆ ಅವಧಿ ಏಪ್ರಿಲ್‌ನಲ್ಲಿ ಮುಗಿಯುತ್ತದೆ, ಮಾಡಿಗೆ ಒಂದು ನೆಟ್ಟಗಿನ ಮಳೆ ಬೀಳುವ ಮುಂಚೆಯೇ. ಆ ಸಾಲನ್ನು ಹೊಡೆದುಹಾಕಿ ‘ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಒಂದು ಪೂರ್ತಿ ಮಳೆಗಾಲ ಮುಗಿಯುವ ತನಕ’ ಎಂದು ಬರೆಸಿ. ಗುತ್ತಿಗೆದಾರರ ಬಿಲ್ಲಿನಲ್ಲಿ ಶೇ. 5ನ್ನು ಅಲ್ಲಿಯವರೆಗೆ ತಡೆದಿಡುವ ಷರತ್ತು ಸೇರಿಸಿ, ಜುಲೈ ನಡುವೆ ಆರ್ಕಿಟೆಕ್ಟ್ ಒಮ್ಮೆ ಬಂದು ಮಾಡಿನಡಿ, ಕಿಟಕಿಯ ಮೂಲೆ, ತಡೆಗೋಡೆಯ ತೂತು ನೋಡಿ ಪಟ್ಟಿ ಮಾಡಿಕೊಡುವ ಭೇಟಿಯನ್ನೂ ಅವರ ಶುಲ್ಕದೊಳಗೇ ಸೇರಿಸಿಕೊಳ್ಳಿ.